ಮಾತನಾಡುವ ಯಂತ್ರ ಮತ್ತು ಸೂತ್ರಧಾರನ ಹೊಣೆ

ಜೋಸೆಫ್ ವೈಜೆನ್‌ಬಾಮರು ೧೯೬೬ರ ಜನವರಿಯಲ್ಲಿ ಒಂದು ಲೇಖನವನ್ನೂ ೧೯೭೬ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದರು. ಲೇಖನವು ‘ಎಲೈಜಾ’ ಎಂಬ ಗಣಕಕಾರ್ಯಕ್ರಮದ ವರ್ಣನೆ. ‘ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್’ ಎಂಬ ಗ್ರಂಥವಾದರೋ ಆ ಕಾರ್ಯಕ್ರಮವನ್ನು ಜನರು ಬರಮಾಡಿಕೊಂಡ ಬಗೆಯನ್ನು ಕಂಡು ಬೆಚ್ಚಿದ ಕರ್ತೃವಿನ ಮರುಚಿಂತನೆ. ತಾನು ನಿರ್ಮಿಸಿದ ವಸ್ತುವಿಗೆ ತಾನೇ ಕಟುವಾದ ವಿಮರ್ಶಕನಾಗಿ ನಿಂತವರು ಯಂತ್ರವಿದ್ಯೆಯ ಚರಿತ್ರೆಯಲ್ಲಿ ವಿರಳ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಅವುಗಳ ನಡುವೆ ಒಂದು ವಿರೋಧ ಗೋಚರವಾಗುತ್ತದೆ. ಕರ್ತೃವು ಆ ವಿರೋಧವನ್ನು ಅನುಭವಿಸಿದರೇ ಹೊರತು ಬಿಡಿಸಲಿಲ್ಲ. ಮನುಷ್ಯನೂ ಯಂತ್ರವೂ ಪರಸ್ಪರ ಎದುರಾಗುವ ಎಡೆಯನ್ನು ರೂಪಿಸುವವನಿಗೆ ಈಗ ‘ಇಂಟರ್‌ಆ್ಯಕ್ಷನ್ ಡಿಸೈನರ್’ ಎಂಬ ಹೆಸರಿದೆ. ಕನ್ನಡದಲ್ಲಿ ಒಡನಾಟದ ವಿನ್ಯಾಸಕ ಎನ್ನಬಹುದು. ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲಿ ಅಂಥ ವಿನ್ಯಾಸಕನ ನೈತಿಕ ಹೊಣೆ ಯಾವುದು ಎಂಬ ಪ್ರಶ್ನೆಯ ಬೇರು ಆ ಹಳೆಯ ವಿರೋಧದಲ್ಲಿಯೇ ಇದೆ.

ವೈಜೆನ್‌ಬಾಮರು ಹುಟ್ಟಿದುದು ೧೯೨೩ರಲ್ಲಿ, ಬರ್ಲಿನ್ನಿನ ಒಂದು ಯೆಹೂದಿ ಕುಟುಂಬದಲ್ಲಿ. ೧೯೩೬ರಲ್ಲಿ ಆ ಕುಟುಂಬವು ನಾಜಿಗಳ ಆಳಿಕೆಯಿಂದ ಪಾರಾಗಿ ಅಮೆರಿಕವನ್ನು ಸೇರಿತು. ಮ್ಯಾಸಚೂಸೆಟ್ಸ್ ತಂತ್ರವಿದ್ಯಾಸಂಸ್ಥೆಗೆ ಬರುವ ಮುನ್ನ ಅವರು ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿದ್ದು, ಬ್ಯಾಂಕ್ ಆಫ್ ಅಮೆರಿಕದ ಲೆಕ್ಕಪತ್ರಗಳಿಗಾಗಿ ‘ಎರ್ಮಾ’ ಎಂಬ ಗಣಕವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದರು. ಚೆಕ್ಕಿನ ಕೆಳಅಂಚಿನಲ್ಲಿ ಕಾಂತಮಸಿಯಿಂದ ಅಚ್ಚಾಗುವ ವಿಚಿತ್ರಾಕಾರದ ಅಂಕಿಗಳು ಬಳಕೆಗೆ ಬಂದುದು ಆ ವ್ಯವಸ್ಥೆಯೊಡನೆಯೇ. ಭಾರತದ ಚೆಕ್ಕುಗಳಲ್ಲಿಯೂ ಕಾಣುವ ಆ ಅಂಕಿಗಳನ್ನು ಯಂತ್ರವೂ ಓದುತ್ತದೆ, ಮನುಷ್ಯನೂ ಓದುತ್ತಾನೆ; ಆದರೆ ಅವನ್ನು ಕಂಡು ಇದು ಯಾರದೋ ಕೈಬರಹವೆಂದು ಭ್ರಮಿಸುವವರಿಲ್ಲ. ಯಂತ್ರಕ್ಕಾಗಿ ಮಾಡಿದ ಗುರುತು ಯಂತ್ರದ ಗುರುತಾಗಿಯೇ ತೋರುತ್ತದೆ. ಎಲೈಜಾದಲ್ಲಿ ಈ ಪ್ರಾಮಾಣಿಕತೆ ಉಳಿಯಲಿಲ್ಲ.

ಎಲೈಜಾದ ರಚನೆ ಸರಳವಾದುದು. ಎದುರಿಗೆ ಕುಳಿತವನು ಬೆರಳಚ್ಚಿನಲ್ಲಿ ಒಂದು ವಾಕ್ಯವನ್ನು ಬರೆಯುವನು. ಕಾರ್ಯಕ್ರಮವು ಅದರಲ್ಲಿ ಮೊದಲೇ ಗೊತ್ತುಮಾಡಿದ ಪದಗಳಿವೆಯೇ ಎಂದು ಹುಡುಕಿ, ಅವನ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಹಿಂದಕ್ಕೊಪ್ಪಿಸುವುದು. ತಾಯಿಯ ಪ್ರಸ್ತಾಪ ಬಂದರೆ ಕುಟುಂಬದ ವಿಷಯವನ್ನು ಇನ್ನಷ್ಟು ಹೇಳಿರೆನ್ನುವುದು. ಯಾವ ಪದವೂ ಸಿಕ್ಕದಿದ್ದರೆ ‘ಮುಂದುವರಿಸಿ’ ಎನ್ನುವುದು. ಅರ್ಥವೆಂಬುದು ಅದರೊಳಗೆ ಎಲ್ಲಿಯೂ ಇರಲಿಲ್ಲ. ವೈಜೆನ್‌ಬಾಮರು ಅದಕ್ಕೆ ತೊಡಿಸಿದ ಪ್ರಸಿದ್ಧ ವೇಷ ಮನೋವೈದ್ಯನದು. ಆ ವೇಷವನ್ನು ಏಕೆ ಆರಿಸಿದರೆಂಬುದನ್ನು ೧೯೬೬ರ ಲೇಖನ ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ರೋಗಿಯು ದೋಣಿಯಲ್ಲಿ ವಿಹರಿಸಿದೆನೆಂದು ಹೇಳಿದಾಗ ವೈದ್ಯನು ದೋಣಿಗಳ ವಿಷಯ ಹೇಳಿರೆಂದರೆ, ವೈದ್ಯನಿಗೆ ದೋಣಿಯೆಂದರೇನೆಂದು ತಿಳಿಯದೆಂದು ಯಾರೂ ಭಾವಿಸುವುದಿಲ್ಲ. ಇದರ ಹಿಂದೆ ಏನೋ ಉದ್ದೇಶವಿದೆಯೆಂದೇ ಭಾವಿಸುತ್ತಾರೆ. ಪ್ರಪಂಚಜ್ಞಾನವೇನೂ ಇಲ್ಲದ ಯಂತ್ರಕ್ಕೆ ಇದಕ್ಕಿಂತ ಸುರಕ್ಷಿತವಾದ ಪಾತ್ರ ಬೇರೊಂದಿರಲಾರದು. ಯಂತ್ರದ ಅಜ್ಞಾನವನ್ನು ಕೇಳುವವನ ಸೌಜನ್ಯವೇ ಮುಚ್ಚಿತು.

ವೈಜೆನ್‌ಬಾಮರು ಇದನ್ನು ಕಾರ್ಯಕ್ರಮ ರಚನೆಯ ಒಂದು ಅನುಕೂಲವೆಂದು ಎಣಿಸಿದರು. ವಾಸ್ತವವಾಗಿ ಇದೇ ವಿನ್ಯಾಸ. ಪದಗಳನ್ನು ಹುಡುಕುವ ನಿಯಮಗಳು ಯಂತ್ರದ ಕೆಲಸಕ್ಕೆ ಸೇರಿದವು. ಆ ಯಂತ್ರವು ಯಾರಾಗಿ ಮಾತನಾಡಬೇಕು, ಕೇಳುವವನು ಅದನ್ನು ಏನೆಂದು ತಿಳಿಯಬೇಕು ಎಂಬ ನಿರ್ಧಾರವು ಬೇರೆಯೇ ಒಂದು ಕಲೆಗೆ ಸೇರಿದುದು. ಆ ಕಲೆಗೆ ಆಗ ಹೆಸರಿರಲಿಲ್ಲವಾಗಿ ಅದರ ಹೊಣೆಯೂ ಯಾರ ಲೆಕ್ಕಕ್ಕೂ ಬರೆಯಲ್ಪಡಲಿಲ್ಲ.

ಈಗ ಮೇಲೆ ಹೇಳಿದ ವಿರೋಧಕ್ಕೆ ಬರಬಹುದು. ಯಂತ್ರದ ಒಳಗುಟ್ಟನ್ನು ಅರ್ಥವಾಗುವ ಮಾತಿನಲ್ಲಿ ವಿವರಿಸಿದರೆ ಅದರ ಮಾಯೆ ಕಳಚಿಬೀಳುತ್ತದೆ ಎಂಬ ಭರವಸೆಯಿಂದ ಲೇಖನ ಪ್ರಾರಂಭವಾಗುತ್ತದೆ. ಗ್ರಂಥವು ಹೇಳುವ ಘಟನೆ ಆ ಭರವಸೆಯನ್ನು ಮುರಿಯುತ್ತದೆ. ವೈಜೆನ್‌ಬಾಮರ ಕಾರ್ಯದರ್ಶಿನಿಯು ಆ ಕಾರ್ಯಕ್ರಮ ಸಿದ್ಧವಾಗುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದವಳು. ಅದು ಯಂತ್ರವೆಂಬುದರಲ್ಲಿ ಅವಳಿಗೆ ಲವಲೇಶವೂ ಸಂದೇಹವಿರಲಿಲ್ಲ. ಆದರೂ ಅದರೊಡನೆ ನಾಲ್ಕು ಮಾತು ನಡೆದೊಡನೆ ಆಕೆ ಅವರನ್ನು ಕೋಣೆಯಿಂದ ಹೊರಗೆ ಹೋಗಬೇಕೆಂದು ಕೇಳಿಕೊಂಡಳು. ತಿಳಿವಳಿಕೆ ಇತ್ತು, ಮಾಯೆಯೂ ಇತ್ತು. ಹಾಗಾದರೆ ‘ಇದು ಯಂತ್ರ’ ಎಂದು ತಿಳಿಸಿದ ಮಾತ್ರಕ್ಕೆ ವಿನ್ಯಾಸಕನ ಹೊಣೆ ತೀರಿತೆ? ಈ ಪ್ರಶ್ನೆಗೆ ವೈಜೆನ್‌ಬಾಮರಲ್ಲಿ ಉತ್ತರವಿಲ್ಲ. ಅವರು ಅದನ್ನು ಜನರ ಮತಿಭ್ರಮೆಯೆಂದು ಬಗೆದು ಖೇದಪಟ್ಟು ಮುಂದೆ ಸಾಗಿದರು.

ಉತ್ತರದ ಸುಳಿವು ಅವರೇ ಬಳಸಿದ ಒಂದು ಹೋಲಿಕೆಯಲ್ಲಿದೆ. ಕಾರ್ಯಕ್ರಮದ ಒಂದು ಭಾಗಕ್ಕೆ ಅವರು ‘ಸ್ಕ್ರಿಪ್ಟ್’ ಎಂದು ಹೆಸರಿಟ್ಟರು. ಒಂದು ವಸ್ತುವನ್ನು ಹಿಡಿದು ಸ್ವಂತ ಮಾತು ಬೆಳಸಬೇಕಾದ ನಟನಿಗೆ ಕೊಡುವ ನಿಯಮಗಳಿಗೆ ಅದನ್ನು ಹೋಲಿಸಿದರು. ‘ಎಲೈಜಾ’ ಎಂಬ ಹೆಸರನ್ನೂ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದಿಂದಲೇ ಆಯ್ದರು. ನಾಟಕದ ಹೋಲಿಕೆಯನ್ನು ತಂದು ಅದನ್ನು ಅರ್ಧದಲ್ಲಿ ಕೈಬಿಟ್ಟುದು ಗ್ರಂಥದ ಒಂದು ಕೊರತೆಯೆನ್ನಬೇಕು. ನಟನನ್ನು ನಟನೆಂದು ಬಲ್ಲವನೂ ರಾಮನನ್ನು ಕಂಡು ಕಣ್ಣೀರಿಡುವುದು ಹೇಗೆ ಎಂಬುದು ಭಾರತೀಯ ಆಲಂಕಾರಿಕರು ಶತಮಾನಗಳ ಕಾಲ ಜಿಜ್ಞಾಸೆ ನಡೆಸಿದ ಪ್ರಶ್ನೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಪ್ರಕಟವಾದಂದಿನಿಂದ ಕನ್ನಡ ವಾಚಕರಿಗೆ ಈ ಚರ್ಚೆ ಪರಿಚಿತವಾಗಿದೆ. ಶಂಕುಕನ ಮತದಂತೆ ಪ್ರೇಕ್ಷಕನಿಗೆ ನಟನಲ್ಲಿ ಉಂಟಾಗುವ ‘ಇವನು ರಾಮ’ ಎಂಬ ಪ್ರತೀತಿಯು ಸಮ್ಯಗ್‌ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಚಿತ್ರದಲ್ಲಿ ಬರೆದ ಕುದುರೆಯನ್ನು ಕುದುರೆಯೆನ್ನುವಾಗ ಉಂಟಾಗುವ ಅರಿವಿನಂಥ ಪ್ರತ್ಯೇಕವಾದೊಂದು ಅರಿವು. ಅಭಿನವಗುಪ್ತನು ಈ ಮತವನ್ನು ಒಪ್ಪಲಿಲ್ಲವಾದರೂ ಚಿತ್ರತುರಗದ ದೃಷ್ಟಾಂತ ಪ್ರಕೃತಕ್ಕೆ ಬಹಳ ಉಪಯುಕ್ತವಾದುದು. ಕಾರ್ಯದರ್ಶಿನಿಗೆ ಭ್ರಮೆಯಾಗಿರಲಿಲ್ಲ. ಆಕೆ ಚಿತ್ರದ ಕುದುರೆಯನ್ನು ಕುದುರೆಯೆಂದಳು, ಅಷ್ಟೆ.

ಆದರೆ ರಂಗದ ಮೇಲಿನ ಚಿತ್ರತುರಗಕ್ಕೆ ಒಂದು ಕಟ್ಟು ಇದೆ. ನಾಟಕವು ಪೂರ್ವರಂಗ, ಪ್ರಸ್ತಾವನೆಗಳಿಂದ ತೊಡಗುತ್ತದೆ. ಸೂತ್ರಧಾರನು ಬಂದು ಸಭೆಯನ್ನು ಉದ್ದೇಶಿಸಿ ಇಂಥ ಕವಿಯ ಇಂಥ ನಾಟಕವನ್ನು ಆಡುತ್ತೇವೆಂದು ತಿಳಿಸುವನು. ನಟನು ನಟನೆಂಬ ಅರಿವು ಮೊದಲು ಉಂಟಾಗಿ, ಆಮೇಲೆ ಕಿರೀಟ ವೇಷಗಳಿಂದ ಅದು ಮರೆಯಾಗಬೇಕೆಂಬ ಕ್ರಮವನ್ನು ಅಭಿನವಗುಪ್ತನು ರಸವಿಘ್ನಗಳ ಪ್ರಸಂಗದಲ್ಲಿ ಎತ್ತಿಹೇಳಿದ್ದಾನೆ. ಮರೆಮಾಡುವಿಕೆಗೆ ಮುಂಚೆ ತಿಳಿಯಪಡಿಸುವಿಕೆ: ಇದು ರಂಗದ ಧರ್ಮ.

ಕರಾವಳಿಯವರಿಗೂ ಮುಂಬಯಿಯ ಕನ್ನಡಿಗರಿಗೂ ಇದಕ್ಕಿಂತ ಹತ್ತಿರದ ಉದಾಹರಣೆ ತಾಳಮದ್ದಳೆಯದು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಪಂಚೆ ಉಟ್ಟು ಶಾಲು ಹೊದೆದ ಅರ್ಥಧಾರಿಯೊಬ್ಬನು ಕುಳಿತಲ್ಲಿಯೇ ‘ನಾನು ಕರ್ಣ’ ಎಂದು ಮಾತು ತೊಡಗುತ್ತಾನೆ. ಭಾಗವತನು ಎಲ್ಲರ ಕಣ್ಣೆದುರಿಗೇ ಇದ್ದಾನೆ. ಮಾತೆಲ್ಲ ಆ ಕ್ಷಣದಲ್ಲಿ ಹುಟ್ಟಿದುದು, ಬರೆದು ತಂದುದಲ್ಲ. ಇಷ್ಟೊಂದು ಬತ್ತಲೆಯಾದ ಏರ್ಪಾಟಿನಲ್ಲಿಯೂ ಕೇಳುಗರ ಕಣ್ಣು ಒದ್ದೆಯಾಗುತ್ತದೆ. ಆದುದರಿಂದ, ಯಂತ್ರವು ತಾನು ಯಂತ್ರವೆಂಬುದನ್ನು ಮರೆಸಿದರೆ ಮಾತ್ರ ಅದರ ಮಾತು ಹಿತವಾಗುತ್ತದೆಯೆಂದು ವಾದಿಸುವ ವಿನ್ಯಾಸಕರ ಮಾತಿಗೆ ಆಧಾರವಿಲ್ಲ. ಇದಲ್ಲದೆ ಅರ್ಥಧಾರಿಯು ಮಾತಿನ ಭರದಲ್ಲಿ ಅನುಚಿತವಾದುದನ್ನು ಆಡಿದರೆ ಮರುದಿನ ಊರವರು ಯಾರನ್ನು ಕೇಳಬೇಕೆಂಬುದನ್ನು ಬಲ್ಲರು. ‘ಅದನ್ನು ಹೇಳಿದುದು ಕರ್ಣ, ನಾನಲ್ಲ’ ಎಂಬ ಸಮಾಧಾನ ಅಲ್ಲಿ ನಡೆಯದು.

ಹೋಲಿಕೆಯನ್ನು ಇಲ್ಲಿಯೇ ನಿಲ್ಲಿಸುವುದು ಸಾಲದು. ಅದು ಎಲ್ಲಿ ಮುರಿಯುತ್ತದೆಂಬುದೇ ಮುಖ್ಯ. ತಾಳಮದ್ದಳೆಯ ಕೇಳುಗನು ಕಥೆಯ ಪಾತ್ರವಲ್ಲ. ಕರ್ಣನ ಸಂಕಟ ಕರ್ಣನದು; ಅದು ಸಾಧಾರಣೀಕೃತವಾಗಿ ಅವನನ್ನು ತಟ್ಟುತ್ತದೆ. ಸಂಭಾಷಣಾಯಂತ್ರದ ಎದುರಿಗಿರುವವನಾದರೋ ಪ್ರೇಕ್ಷಕನೂ ಹೌದು, ಪಾತ್ರವೂ ಹೌದು. ಅವನು ಹೇಳಿಕೊಳ್ಳುವುದು ತನ್ನ ಸ್ವಂತ ಸಾಲ, ತನ್ನ ಸ್ವಂತ ಕಾಯಿಲೆ, ತನ್ನ ಮಗಳ ಮದುವೆ. ತಾಳಮದ್ದಳೆಗೆ ಮಂಗಳವಿದೆ, ಯಂತ್ರದ ಮಾತಿಗೆ ಕೊನೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ರಂಗದ ಮಾತಿನಿಂದ ಯಾವ ವ್ಯವಹಾರವೂ ಹುಟ್ಟುವುದಿಲ್ಲ. ವೇಷದ ಹರಿಶ್ಚಂದ್ರನು ರಾಜ್ಯವನ್ನು ದಾನಮಾಡಿದರೆ ಯಾರ ಖಾತೆಯಲ್ಲಿಯೂ ಬದಲಾವಣೆಯಾಗದು. ಯಂತ್ರದ ಮಾತಾದರೋ ಯಾವ ಗಳಿಗೆಯಲ್ಲಾದರೂ ವ್ಯವಹಾರವಾಗಿ ಪರಿಣಮಿಸಬಹುದು: ಹಣ ಕೈಬದಲಾಯಿಸಬಹುದು, ಒಬ್ಬನು ಔಷಧವನ್ನು ನಿಲ್ಲಿಸಬಹುದು. ಮಾತು ವ್ಯವಹಾರವಾಗುವ ಆ ಗೆರೆಯ ಬಳಿ ವೇಷ ಕಳಚಬೇಕು. ಕಳಚುವಂತೆ ಮಾಡಬೇಕಾದವನು ವಿನ್ಯಾಸಕ. ಪ್ರಾರಂಭದಲ್ಲಿ ಒಮ್ಮೆ ಸೂತ್ರಧಾರನು ಬಂದು ಹೋದರೆ ಇಲ್ಲಿ ಸಾಲದು. ಭಾಗವತನಂತೆ ಅವನು ಉದ್ದಕ್ಕೂ ಎದುರಿಗೆ ಕುಳಿತಿರಬೇಕಾಗುತ್ತದೆ.

ವೈಜೆನ್‌ಬಾಮರು ಗೆರೆಯನ್ನು ಬೇರೆ ಕಡೆ ಎಳೆದರು. ಯಂತ್ರದಿಂದ ಸಾಧ್ಯವಾದರೂ ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳಿವೆ, ವಿವೇಕವನ್ನು ಬೇಡುವ ಕೆಲಸವನ್ನು ವಿವೇಕವಿಲ್ಲದ ಯಂತ್ರಕ್ಕೆ ಕೊಡಕೂಡದು ಎಂಬುದು ಅವರ ಸಿದ್ಧಾಂತ. ಗಣಕಶಾಸ್ತ್ರಜ್ಞ ಜಾನ್ ಮ್ಯಾಕಾರ್ತಿಯವರು ಈ ಗ್ರಂಥವನ್ನು ವಿಮರ್ಶಿಸುತ್ತ ಅದು ನೀತಿಬೋಧನೆಯೆಂದೂ ಅಸಂಬದ್ಧವೆಂದೂ ಜರೆದರು. ಆ ಟೀಕೆ ಕಠೋರವಾದುದಾದರೂ ಪೂರ್ತಿ ಅನ್ಯಾಯವಲ್ಲ. ಹಗಲಿರುಳೆನ್ನದೆ ಯಂತ್ರಕ್ಕಂಟಿಕೊಂಡ, ಕಣ್ಣು ಗುಳಿಬಿದ್ದ ಯುವ ಕಾರ್ಯಕ್ರಮರಚಕರನ್ನು ಚಿತ್ರಿಸುವ ಅಧ್ಯಾಯ ಗ್ರಂಥದಲ್ಲೆಲ್ಲ ಹೆಚ್ಚು ಕಾಂತಿಯುಳ್ಳದ್ದು. ಹೆಚ್ಚು ದಾರಿತಪ್ಪಿಸುವುದೂ ಅದೇ. ಅನರ್ಥ ಬಂದುದು ನಿದ್ದೆಗೆಟ್ಟ ಆ ಹುಡುಗರಿಂದಲ್ಲ; ಹೊತ್ತಿಗೆ ಸರಿಯಾಗಿ ಕಚೇರಿಗೆ ಬಂದು, ಅಂಕಿಅಂಶಗಳನ್ನು ನೋಡಿ, ಸಭೆ ನಡೆಸಿ, ಸರ್ವಾನುಮತದಿಂದ ತೀರ್ಮಾನಿಸಿದ ಸಭ್ಯರಿಂದ. ಮನೋವೈದ್ಯ, ನ್ಯಾಯಾಧೀಶ ಮೊದಲಾದ ಪಾತ್ರಗಳನ್ನು ಯಂತ್ರಕ್ಕೆ ನಿಷೇಧಿಸಬೇಕೆಂಬ ಮಾತು ಉದಾತ್ತವಾದುದು. ಐವತ್ತು ವರ್ಷಗಳಲ್ಲಿ ಪ್ರಪಂಚ ಅದಕ್ಕೆ ಕಿವಿಗೊಡಲಿಲ್ಲವೆಂಬುದು ಒತ್ತಟ್ಟಿಗಿರಲಿ, ಒಂದು ತೆರೆಯ ಮೇಲೆ ಯಾವ ವಾಕ್ಯವನ್ನು ಬರೆಯಬೇಕು ಎಂದು ಯೋಚಿಸುತ್ತ ಕುಳಿತವನಿಗೆ ಅದರಿಂದ ಸಹಾಯವಿಲ್ಲ.

ಆ ವಾಕ್ಯವನ್ನು ಬರೆಯುವವನ ಕಸಬು ರೂಪುಗೊಂಡುದು ಎಂಬತ್ತರ ದಶಕದಲ್ಲಿ. ಬಿಲ್ ಮಾಗ್ರಿಜ್, ಬಿಲ್ ವರ್‌ಪ್ಲ್ಯಾಂಕ್ ಎಂಬಿಬ್ಬರು ಅದಕ್ಕೆ ಹೆಸರಿಟ್ಟರು. ೧೯೮೮ರಲ್ಲಿ ಡೊನಾಲ್ಡ್ ನಾರ್ಮನ್ ಅವರು ಪ್ರಕಟಿಸಿ, ಮುಂದೆ ‘ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಗ್ರಂಥವು ಅದಕ್ಕೊಂದು ಮಾನವೀಯವಾದ ತಳಹದಿಯನ್ನು ಒದಗಿಸಿತು. ತಳ್ಳಬೇಕಾದ ಬಾಗಿಲನ್ನು ಒಬ್ಬನು ಎಳೆದರೆ ದೋಷ ಅವನದಲ್ಲ, ಬಾಗಿಲಿನದು ಎಂಬುದು ಅಲ್ಲಿಯ ತಿರುಳು. ಬಡಪಾಯಿ ಬಳಕೆದಾರನನ್ನು ಮಂದಬುದ್ಧಿಯೆಂದು ಹಳಿಯುತ್ತಿದ್ದ ಯಂತ್ರವಿದ್ಯೆಗೆ ಇದು ದೊಡ್ಡ ಉಪಕಾರ. ಈ ಸೂತ್ರವನ್ನೇ ಮುಂದಕ್ಕೆಳೆದರೆ, ಯಂತ್ರವನ್ನು ಮನುಷ್ಯನೆಂದು ನಂಬಿ ಒಬ್ಬನು ಮೋಸಹೋದರೆ ದೋಷ ಅವನದಲ್ಲ, ವಿನ್ಯಾಸದ್ದು ಎಂದಾಗಬೇಕು. ಆದರೆ ಆ ಕಸಬು ತನ್ನ ಇನ್ನೊಂದು ಆದರ್ಶವನ್ನೇ ಹೆಚ್ಚಾಗಿ ನೆಚ್ಚಿತು: ಎಲ್ಲವೂ ಎಡರಿಲ್ಲದೆ ಸಾಗಬೇಕು, ಉಪಕರಣವು ಕಣ್ಣಿಗೆ ಬೀಳದಂತೆ ಕರಗಿಹೋಗಬೇಕು ಎಂಬುದು ಅದು. ಬಾಗಿಲಿಗೆ ಈ ಆದರ್ಶ ಒಪ್ಪುತ್ತದೆ. ಮಾತನಾಡುವ ವಸ್ತು ಕಣ್ಣಿಗೆ ಬೀಳದಂತೆ ಕರಗಿಹೋದರೆ ಉಳಿಯುವುದು ಯಾರದೆಂದು ತಿಳಿಯದ ಒಂದು ಧ್ವನಿ.

೨೦೧೮ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆ ಪ್ರದರ್ಶಿಸಿದ ‘ಡ್ಯೂಪ್ಲೆಕ್ಸ್’ ಎಂಬ ವ್ಯವಸ್ಥೆ ಈ ಆದರ್ಶದ ಪರಮಾವಧಿ. ಯಂತ್ರವು ಒಂದು ಕೇಶಾಲಂಕಾರದ ಅಂಗಡಿಗೆ ದೂರವಾಣಿ ಮಾಡಿ, ಹೆಣ್ಣಿನ ದನಿಯಲ್ಲಿ ಮಾತನಾಡಿ ಹೊತ್ತು ಗೊತ್ತುಪಡಿಸಿಕೊಂಡಿತು. ನಡುನಡುವೆ ‘ಹ್ಞಾಂ’, ‘ಹ್ಮ್’ ಎಂಬ ತಡವರಿಕೆಗಳನ್ನೂ ಅದಕ್ಕೆ ಕಲಿಸಿದ್ದರು. ಮನುಷ್ಯನು ತಡವರಿಸುವುದು ಯೋಚಿಸಲು ಅಥವಾ ಸಂಕೋಚಪಡಲು. ಯಂತ್ರಕ್ಕೆ ಎರಡೂ ಇಲ್ಲ. ಸಂಭಾಷಣೆ ಸಹಜವಾಗಿ ಸಾಗಲೆಂದು ಹಾಗೆ ಮಾಡಿತೆಂಬುದು ಸಮರ್ಥನೆ. ಆ ಸಹಜತೆಯ ತಿರುಳಾದರೋ ಕೇಳುವವರಿಗೆ ಅದು ಯಂತ್ರವೆಂದು ತೋರದಿರುವುದೇ. ಅಂಗಡಿಯ ಹೆಂಗಸು ನಾಟಕಕ್ಕೆ ಟಿಕೆಟು ಕೊಂಡು ಬಂದವಳಲ್ಲ; ತಿಳಿಯದೆಯೇ ಅವಳನ್ನು ರಂಗಕ್ಕೆ ಎಳೆದು ಪಾತ್ರ ಮಾಡಿದಂತಾಯಿತು. ಟೀಕೆಗಳು ಎದ್ದ ಬಳಿಕ ಸಂಸ್ಥೆಯು ಆ ವ್ಯವಸ್ಥೆ ತನ್ನ ಗುರುತನ್ನು ಹೇಳಿಕೊಳ್ಳುವಂತೆ ಮಾಡುವುದಾಗಿ ಒಪ್ಪಿತು.

ಇದಕ್ಕಿಂತ ಸೂಕ್ಷ್ಮವಾದ ವಂಚನೆ ಹೊಗಳಿಕೆಯದು. ೨೦೨೫ರ ಏಪ್ರಿಲ್ ೨೫ರಂದು ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯ ‘ಜಿಪಿಟಿ-೪ಒ’ ಎಂಬ ಮಾದರಿಗೆ ಒಂದು ಪರಿಷ್ಕರಣವನ್ನು ತಂದಿತು. ಯಂತ್ರವು ಎದುರಿಗಿರುವವರ ಮಾತಿಗೆಲ್ಲ ತಲೆದೂಗುವ ಹೊಗಳುಭಟನಾಗಿ ಬದಲಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆಯು ಪರಿಷ್ಕರಣವನ್ನು ಹಿಂದೆಗೆದುಕೊಂಡಿತು. ಅನಂತರ ಅದು ಪ್ರಕಟಿಸಿದ ವಿವರಣೆ ಓದತಕ್ಕುದು. ಉತ್ತರದ ಕೆಳಗೆ ಬಳಕೆದಾರರು ಒತ್ತುವ ಹೆಬ್ಬೆರಳಿನ ಗುರುತುಗಳನ್ನು, ಮೆಚ್ಚಿದರೆ ಮೇಲ್ಮುಖ ಮೆಚ್ಚದಿದ್ದರೆ ಕೆಳಮುಖ, ತರಬೇತಿಯಲ್ಲಿ ಹೊಸದಾಗಿ ಲೆಕ್ಕಕ್ಕೆ ಹಿಡಿದುದು ಕಾರಣಗಳಲ್ಲೊಂದು. ಬಿಡುಗಡೆಗೆ ಮುನ್ನ ಕೆಲವು ಪರೀಕ್ಷಕರಿಗೆ ಯಂತ್ರದ ನಡವಳಿಕೆಯಲ್ಲಿ ಏನೋ ಸರಿಯಿಲ್ಲವೆಂದು ತೋರಿತ್ತು. ಆದರೆ ಅಳತೆಯ ಅಂಕಿಗಳೆಲ್ಲ ಚೆನ್ನಾಗಿದ್ದವು, ಅಂಕಿಗಳ ಮಾತು ನಡೆಯಿತು. ಹೆಬ್ಬೆರಳಿನ ಗುಂಡಿ ನೋಡಲು ಎಷ್ಟು ನಿರಪಾಯವಾದ ವಸ್ತು! ಅದನ್ನು ತೆರೆಯ ಮೂಲೆಯಲ್ಲಿರಿಸಿದ ವಿನ್ಯಾಸಕನು ಒಂದು ಸಣ್ಣ ಅನುಕೂಲವನ್ನು ಮಾಡಿಕೊಟ್ಟೆನೆಂದೇ ಭಾವಿಸಿದ್ದಿರಬೇಕು. ಬ್ಯಾಂಕಿನ ಕ್ಯಾಷಿಯರನ ಕೆಲಸವನ್ನು ಗಿರಾಕಿಗಳ ಮುಗುಳ್ನಗೆಯಿಂದಲೇ ಅಳೆದರೆ ಗಿರಾಕಿಗಳು ನಗುತ್ತಲೇ ಇರುವರು. ಸಂಜೆಯ ಹೊತ್ತಿಗೆ ನಗದು ತಾಳೆಯಾಗದು. ಒಪ್ಪಿಗೆಯೂ ಹಿತವೂ ಒಂದೇ ಅಲ್ಲವೆಂಬುದನ್ನು ಶ್ರೇಯಸ್ಸು ಪ್ರೇಯಸ್ಸುಗಳನ್ನು ಬೇರ್ಪಡಿಸಿದ ಕಠೋಪನಿಷತ್ತಿನ ನಾಡಿನವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ.

ಇಷ್ಟರಿಂದ ಯಂತ್ರವು ಮಾತನಾಡಲೇಬಾರದು, ಒರಟಾಗಿಯೇ ಇರಬೇಕು ಎಂದು ತೀರ್ಮಾನಿಸುವವರೂ ಇದ್ದಾರೆ. ಅದು ಒಪ್ಪತಕ್ಕ ಮಾತಲ್ಲ. ಅಕ್ಷರ ಬಾರದವರಿಗೆ, ಕಣ್ಣು ಕಾಣದವರಿಗೆ, ಇಂಗ್ಲಿಷಿನ ನಮೂನೆಗಳ ಮುಂದೆ ತಬ್ಬಿಬ್ಬಾಗುವ ವೃದ್ಧರಿಗೆ ಯಂತ್ರದ ಮಾತು ಒಂದು ದೊಡ್ಡ ಆಸರೆ. ಅರ್ಥಧಾರಿಯ ಮಾತಿನಲ್ಲಿ ಎಷ್ಟು ಸ್ನೇಹವಿದ್ದರೂ ಬಾಧಕವಿಲ್ಲ. ಭಾಗವತನು ಕಾಣುತ್ತಿರಬೇಕು, ಅಷ್ಟೆ.

ಭಾಗವತನು ಎದ್ದುಹೋದರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ಒಂದು ವ್ಯಾಜ್ಯ ನಿದರ್ಶನ. ೨೦೨೨ರಲ್ಲಿ ಅಜ್ಜಿಯನ್ನು ಕಳೆದುಕೊಂಡ ಒಬ್ಬ ಪ್ರಯಾಣಿಕನು ಏರ್ ಕೆನಡಾದ ಜಾಲತಾಣದಲ್ಲಿನ ಚಾಟ್‌ಬಾಟನ್ನು ಮರಣಸಂದರ್ಭದ ರಿಯಾಯಿತಿಯ ವಿಷಯವಾಗಿ ವಿಚಾರಿಸಿದನು. ಟಿಕೆಟು ಕೊಂಡ ಮೇಲೆಯೂ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಅದು ತಿಳಿಸಿತು. ಕಂಪೆನಿಯ ನಿಯಮ ಹಾಗಿರಲಿಲ್ಲ. ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿಯ ಮುಂದೆ ಕಂಪೆನಿಯು ತನ್ನ ಚಾಟ್‌ಬಾಟಿನ ಮಾತಿಗೆ ತಾನು ಹೊಣೆಯಲ್ಲವೆಂದು ವಾದಿಸಿತು. ಇದರ ಅರ್ಥ ಚಾಟ್‌ಬಾಟು ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಪ್ರತ್ಯೇಕ ವ್ಯಕ್ತಿಯೆಂದಾಗುತ್ತದೆಯೆಂದು ಮಂಡಲಿಯು ಗುರುತಿಸಿ, ೨೦೨೪ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿತು. ಬಡ್ಡಿ, ಶುಲ್ಕ ಸೇರಿ ಕೊಡಿಸಿದ ಹಣ ೮೧೨ ಡಾಲರು. ಮೊತ್ತ ಚಿಕ್ಕದು, ವಾದ ಚಿಕ್ಕದಲ್ಲ. ‘ಅದನ್ನು ಹೇಳಿದುದು ಕರ್ಣ, ನಾನಲ್ಲ’ ಎಂದು ಮೇಳದ ಯಜಮಾನನೇ ನ್ಯಾಯಸ್ಥಾನದಲ್ಲಿ ನಿಂತು ನುಡಿದಂತೆ ಅದು. ಕಂಪೆನಿಯ ನಿಯಮದ ಪುಟವೂ ಅದೇ ಜಾಲತಾಣದಲ್ಲಿಯೇ ಇತ್ತು. ಒಂದು ಕಡೆ ಸರಿಯಾದ ನಿಯಮ, ಇನ್ನೊಂದು ಕಡೆ ಸವಿಯಾದ ಮಾತು. ಇವೆರಡರಲ್ಲಿ ಯಾವುದು ಪ್ರಮಾಣವೆಂಬುದನ್ನು ದುಃಖದಲ್ಲಿದ್ದ ಗಿರಾಕಿ ಊಹಿಸಬೇಕಾಗಿತ್ತು.

ಕಾನೂನುಗಳು ಇಲ್ಲದಿಲ್ಲ. ಬಳಕೆದಾರನನ್ನು ದಾರಿತಪ್ಪಿಸುವ ವಿನ್ಯಾಸಗಳಿಗೆ ಹ್ಯಾರಿ ಬ್ರಿಗ್ನಲ್ ಎಂಬ ಆಂಗ್ಲ ವಿನ್ಯಾಸಕರು ೨೦೧೦ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಭಾರತದ ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಅಂಥ ೧೩ ಬಗೆಗಳನ್ನು ಹೆಸರಿಸಿ ನಿಷೇಧಿಸಿತು: ಇಲ್ಲದ ಅವಸರವನ್ನು ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆನ್ನುವವನನ್ನು ನಾಚಿಸುವುದು ಇತ್ಯಾದಿ. ಪಟ್ಟಿ ಒಳ್ಳೆಯದೇ. ಆದರೆ ಅದರಲ್ಲಿ ಕೊಟ್ಟಿರುವ ನಿದರ್ಶನಗಳು ಬಹುಮಟ್ಟಿಗೆ ನಿಂತ ತೆರೆಯವು: ಗುಂಡಿ, ಬಣ್ಣ, ಬೆಲೆಪಟ್ಟಿ. ಇವನ್ನು ತನಿಖೆಗಾರನು ಚಿತ್ರ ಹಿಡಿದು ಸಾಕ್ಷ್ಯವಾಗಿ ಒಪ್ಪಿಸಬಹುದು. ಒಬ್ಬೊಬ್ಬನ ದೌರ್ಬಲ್ಯವನ್ನು ಅರಿತು ಒಬ್ಬೊಬ್ಬನಿಗೆ ಒಂದೊಂದು ಬಗೆಯಾಗಿ ನುಡಿಯುವ ಯಂತ್ರವು ವಿಮೆ ಬೇಡವೆಂದವನನ್ನು ನಾಚಿಸಲು ಗುಂಡಿಯೇ ಬೇಕಾಗಿಲ್ಲ. ‘ಮಕ್ಕಳ ವ್ಯಾಸಂಗದ ಚಿಂತೆಯನ್ನು ನಿನ್ನೆ ಹೇಳಿದಿರಲ್ಲ’ ಎಂದರೆ ಸಾಕು. ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೨೫ರ ಅಕ್ಟೋಬರಿನಲ್ಲಿ ಅಂಗೀಕರಿಸಿದ ಕಾನೂನು ‘ಒಡನಾಡಿ’ ಯಂತ್ರಗಳು ಅಪ್ರಾಪ್ತವಯಸ್ಕರಿಗೆ ಮೂರು ಗಂಟೆಗೊಮ್ಮೆಯಾದರೂ ತಾವು ಮನುಷ್ಯರಲ್ಲವೆಂದು ನೆನಪಿಸಬೇಕೆಂದು ವಿಧಿಸಿದೆ. ಗಡಿಯಾರ ನೋಡಿಕೊಂಡು ಬರುವ ಸೂತ್ರಧಾರ! ಇಲ್ಲದುದಕ್ಕಿಂತ ಇದು ಮೇಲು. ಆದರೆ ವೇಷ ಕಳಚಬೇಕಾದ ಗಳಿಗೆಯನ್ನು ಗೊತ್ತುಪಡಿಸುವುದು ಗಡಿಯಾರವಲ್ಲ, ಮಾತಿನ ತಿರುವು. ಆ ತಿರುವನ್ನು ಕಾನೂನು ಮುಂದಾಗಿ ಕಾಣಲಾರದು. ವಾಕ್ಯಗಳನ್ನು ಹೆಣೆಯುವವನು ಕಾಣಬಲ್ಲ.

ಭಾರತೀಯ ರಿಸರ್ವ್ ಬ್ಯಾಂಕು ನೇಮಿಸಿದ, ಪುಷ್ಪಕ್ ಭಟ್ಟಾಚಾರ್ಯರ ಅಧ್ಯಕ್ಷತೆಯ ಸಮಿತಿಯು ೨೦೨೫ರ ಆಗಸ್ಟಿನಲ್ಲಿ ಹೊರಬಂದ ತನ್ನ ವರದಿಯಲ್ಲಿ ಹಣಕಾಸಿನ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ಏಳು ತತ್ತ್ವಗಳನ್ನು ಹೇಳಿದೆ; ಅವನ್ನು ‘ಸೂತ್ರ’ಗಳೆಂದೇ ಕರೆದಿದೆ. ಹೊಣೆಯು ಯಂತ್ರವನ್ನು ಬಳಕೆಗೆ ತರುವ ಸಂಸ್ಥೆಯದೆಂಬುದು ಅವುಗಳಲ್ಲೊಂದು. ಅರ್ಥಗಮ್ಯತೆ ವಿನ್ಯಾಸದಲ್ಲಿಯೇ ಇರಬೇಕೆಂಬುದು ಇನ್ನೊಂದು. ಎರಡನೆಯದು ವಿನ್ಯಾಸಕನನ್ನು ನೇರವಾಗಿ ಮುಟ್ಟುತ್ತದೆ. ತಾನು ಸಂಬಳದ ಆಳು, ಹೊಣೆಯೆಲ್ಲ ಸಂಸ್ಥೆಯದು ಎಂದು ಅವನು ಹೇಳಬಹುದು. ಅದು ಕಾನೂನಿನ ಮಟ್ಟಿಗೆ ಸರಿಯಾದ ಮಾತು. ಆದರೆ ಲೇವಾದೇವಿಯ ಹಳೆಯ ಪದ್ಧತಿಯನ್ನು ನೋಡಿದರೆ, ಲೆಡ್ಜರಿನ ಪ್ರತಿಯೊಂದು ನಮೂದಿನ ಪಕ್ಕದಲ್ಲಿ ಬರೆದ ಗುಮಾಸ್ತನ ಕಿರುಸಹಿಯೂ ತಾಳೆನೋಡಿದ ಅಧಿಕಾರಿಯ ಕಿರುಸಹಿಯೂ ಇರುತ್ತಿದ್ದವು. ಅವರೂ ಸಂಬಳದ ಆಳುಗಳೇ. ಬ್ಯಾಂಕಿನ ಹೊಣೆ ಬ್ಯಾಂಕಿಗೆ ಇದ್ದೇ ಇತ್ತು. ಆದರೂ ಈ ಅಂಕಿಯನ್ನು ಬರೆದ ಕೈ ಯಾವುದೆಂಬುದು ಮರೆಯಾಗಬಾರದೆಂಬುದು ಆ ಏರ್ಪಾಟಿನ ಆಶಯ. ಲಕ್ಷಾಂತರ ಜನರು ಓದುವ, ಅವರ ಹಣದ ಗತಿಯನ್ನು ಬದಲಾಯಿಸುವ ತೆರೆಯ ವಾಕ್ಯವನ್ನು ಯಾರು ಬರೆದರು, ಯಾರು ತಾಳೆನೋಡಿದರು ಎಂಬುದಕ್ಕೆ ಅಂಥ ಗುರುತು ಸಾಮಾನ್ಯವಾಗಿ ಇಲ್ಲ.

ಕನ್ನಡದಲ್ಲಿ ಈ ವಾಕ್ಯಗಳನ್ನು ರಚಿಸುವವರಿಗೆ ಭಾಷೆಯೇ ಒಡ್ಡುವ ಒಂದು ವಿಶೇಷವಾದ ಪ್ರಲೋಭನವಿದೆ. ಹಿಂದಿಯಲ್ಲಿ ಯಂತ್ರವು ‘ಕರ್ ಸಕ್ತಾ ಹೂಂ’ ಎಂದೋ ‘ಕರ್ ಸಕ್ತೀ ಹೂಂ’ ಎಂದೋ ನುಡಿದು ಗಂಡಾಗಿ ಇಲ್ಲವೆ ಹೆಣ್ಣಾಗಿ ನಟಿಸಲೇಬೇಕು. ಆ ನಟನೆ ಎದ್ದುಕಾಣುತ್ತದೆ. ಕನ್ನಡದ ಉತ್ತಮಪುರುಷಕ್ಕೆ ಲಿಂಗಭೇದವಿಲ್ಲ. ಗಂಡಸೂ ‘ಮಾಡಿದೆನು’, ಹೆಂಗಸೂ ‘ಮಾಡಿದೆನು’, ಕಥೆಯ ಗಿಳಿಯೂ ‘ಮಾಡಿದೆನು’. ಪ್ರಥಮಪುರುಷದಲ್ಲಾದರೆ ಭಾಷೆಯು ಯಂತ್ರವನ್ನು ತಪ್ಪದೆ ‘ಅದು’ ಎನ್ನುತ್ತದೆ. ‘ಹೇಳಿದನು, ಹೇಳಿದಳು’ ಎನ್ನಲು ಒಪ್ಪುವುದಿಲ್ಲ. ಮನುಷ್ಯರಿಗೂ ವಸ್ತುಗಳಿಗೂ ಕನ್ನಡ ವ್ಯಾಕರಣವು ಎಳೆದಿರುವ ಈ ಗೆರೆ ‘ನಾನು’ ಎಂದೊಡನೆ ಅಳಿಸಿಹೋಗುತ್ತದೆ. ‘ನಾನು’ ಬೇಡವೆಂದು ಕರ್ಮಣಿಪ್ರಯೋಗಕ್ಕೆ ಹೋದರೆ ಇನ್ನೊಂದು ಅಪಾಯ. ಅಲ್ಲಿ ಕರ್ತೃವೇ ಇರುವುದಿಲ್ಲ.

ಸಾಲ ಕೇಳಿದವನಿಗೆ ಕಳುಹಿಸುವ ಒಂದು ಉತ್ತರವನ್ನು ಮೂರು ಬಗೆಯಾಗಿ ಬರೆದು ನೋಡಬಹುದು. ‘ನಿಮ್ಮ ಅರ್ಜಿಯನ್ನು ನಾನು ನೋಡಿದ್ದೇನೆ, ದಯವಿಟ್ಟು ಬೇಸರಪಡಬೇಡಿ’ ಎಂಬುದು ಒಂದು. ‘ನಿಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬುದು ಎರಡನೆಯದು. ‘ನಿಮ್ಮ ಅರ್ಜಿಯನ್ನು ಯಂತ್ರವು ಓದಿದೆ, ತಿರಸ್ಕರಿಸಿದುದು ಬ್ಯಾಂಕಿನ ನಿರ್ಧಾರ, ಅದನ್ನು ಪ್ರಶ್ನಿಸಲು ಈ ಶಾಖೆಯ ಈ ಅಧಿಕಾರಿಯನ್ನು ಕಾಣಬಹುದು’ ಎಂಬುದು ಮೂರನೆಯದು. ಮೊದಲನೆಯದು ಮಧುರ, ಎರಡನೆಯದು ಚುಟುಕು. ಮೂರನೆಯದು ಉದ್ದ; ಅದರಲ್ಲಿ ಒಬ್ಬ ಅಧಿಕಾರಿಯ ಹೆಸರು ಬರಬೇಕು, ಆ ಅಧಿಕಾರಿ ಶಾಖೆಯಲ್ಲಿ ನಿಜವಾಗಿಯೂ ಕುಳಿತಿರಬೇಕು, ಬಂದವನ ಮಾತನ್ನು ಕೇಳುವ ಅಧಿಕಾರವೂ ಅವನಿಗೆ ಇರಬೇಕು. ಕೈಯಗಲದ ತೆರೆಯಲ್ಲಿ ಅದಕ್ಕೆ ಸ್ಥಳ ಸಾಲದೆಂದು ವಿನ್ಯಾಸಕರು ಹೇಳುವುದುಂಟು.